ಚುರುಕಾದ ಮಗುವಿನ ಓದಿನ ಉತ್ಸಾಹ ಕುಂದಿದಾಗ: ಕೊಡಗಿನ ಪೋಷಕರಿಗೆ ಹಂತ ಹಂತದ ಮಾರ್ಗದರ್ಶಿ

“ಆರನೇ ತರಗತಿಯವರೆಗೆ ಯಾರೂ ಹೇಳದೆಯೇ ಓದುತ್ತಿದ್ದ ಮಗು ಈಗ ಪುಸ್ತಕ ಮುಟ್ಟುವುದಿಲ್ಲ. ಬುದ್ಧಿಗೆ ಕೊರತೆಯಿಲ್ಲ, ಮನಸ್ಸೇ ಇಲ್ಲ. ಏನು ಮಾಡಲಿ?” ಮಡಿಕೇರಿಯಿಂದ ಪೊನ್ನಂಪೇಟೆಯವರೆಗೆ ಜಿಲ್ಲೆಯ ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಇದು. ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಉತ್ತರಿಸುವ ಬದಲು, ಮನೆಯಲ್ಲಿ ಒಂದಾದ ಮೇಲೊಂದರಂತೆ ಮಾಡಬಹುದಾದ ಕೆಲಸಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲಿಗೆ, ಯಾರನ್ನು ಪ್ರತಿಭಾನ್ವಿತ ಮಗು ಎನ್ನಬೇಕು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ತರಗತಿಯಲ್ಲಿ ಮೊದಲ ಸ್ಥಾನ ಪಡೆಯುವ ಮಗು ಎಂಬುದು ನಮ್ಮ ವಾಡಿಕೆಯ ಅರ್ಥ. ಅಮೆರಿಕದ ಶಿಕ್ಷಣತಜ್ಞ ಜೋಸೆಫ್ ರೆಂಜುಲಿ 1978ರಲ್ಲಿ ಮುಂದಿಟ್ಟ ವಿವರಣೆಯ ಪ್ರಕಾರ, ಸರಾಸರಿಗಿಂತ ಹೆಚ್ಚಿನ ಸಾಮರ್ಥ್ಯ, ಸೃಜನಶೀಲತೆ ಮತ್ತು ಹಿಡಿದ ಕೆಲಸಕ್ಕೆ ಅಂಟಿಕೊಳ್ಳುವ ಗುಣ ಈ ಮೂರೂ ಕೂಡಿದಲ್ಲಿ ಪ್ರತಿಭೆ ಕಾಣಿಸಿಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದದ್ದು ಮೂರನೆಯ ಅಂಶ: ಹಟ ಹಿಡಿದು ಕೂರುವ ಗುಣ ಬುದ್ಧಿಯ ಜೊತೆಗೆ ತಾನಾಗಿ ಬರುವ ಉಡುಗೊರೆಯಲ್ಲ, ಅದನ್ನು ಬೇರೆಯಾಗಿಯೇ ಬೆಳೆಸಬೇಕು. ಇಂಥ ಮಕ್ಕಳು ಪಟ್ಟಣದ ಆಂಗ್ಲ ಮಾಧ್ಯಮ ಶಾಲೆಗಳಲ್ಲಿ ಮಾತ್ರ ಇರುತ್ತಾರೆ ಎಂದೂ ಭಾವಿಸಬೇಡಿ. ತೋಟದ ಲೈನ್‌ಮನೆಗಳಲ್ಲಿಯೂ ಹಾಡಿಗಳಲ್ಲಿಯೂ ಇದ್ದಾರೆ, ಆದರೆ ಅವರನ್ನು ಯಾರೂ ಗುರುತಿಸಿರುವುದಿಲ್ಲ, ಅಷ್ಟೇ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಒಂದು ನೋಟ್‌ಪುಸ್ತಕ, ಕಳೆದ ಎರಡು ವರ್ಷಗಳ ಅಂಕಪಟ್ಟಿ ಮತ್ತು ಸಿಕ್ಕಿದರೆ ಉತ್ತರಪತ್ರಿಕೆಗಳು, ವಾರಕ್ಕೊಮ್ಮೆ ಮೊಬೈಲ್ ಬದಿಗಿಟ್ಟು ಮಗುವಿನೊಡನೆ ಕುಳಿತುಕೊಳ್ಳುವ ಅರ್ಧ ಗಂಟೆ ಇದ್ದರೆ ಸಾಕು. ಇದರೊಂದಿಗೆ, ಒಂದು ಇಡೀ ಶೈಕ್ಷಣಿಕ ವರ್ಷ ಕಾಯುವ ತಾಳ್ಮೆಯೂ ಬೇಕು. ಮುಂದಿನ ಕಿರುಪರೀಕ್ಷೆಯಲ್ಲಿಯೇ ಅಂಕ ಏರಬೇಕೆಂಬ ಆತುರವಿದ್ದರೆ ಕೆಳಗಿನ ಕ್ರಮ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಹಂತ 1: ಒತ್ತಾಯಿಸುವ ಮೊದಲು ಕಾರಣ ಹುಡುಕಿ

ಓದದ ಮಗುವನ್ನು ಕಂಡೊಡನೆ ನಮ್ಮ ಬಾಯಿಗೆ ಮೊದಲು ಬರುವ ಮಾತು ‘ಸೋಮಾರಿ’. ದಯವಿಟ್ಟು ಆ ಮಾತನ್ನು ಸದ್ಯಕ್ಕೆ ತಡೆದಿಟ್ಟುಕೊಳ್ಳಿ, ಏಕೆಂದರೆ ಅದು ಕಾರಣವನ್ನು ಹೇಳುವುದಿಲ್ಲ, ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ.

ಎರಡು ವಾರಗಳ ಕಾಲ ಮಗುವಿಗೆ ಏನನ್ನೂ ಹೇಳದೆ ಗಮನಿಸಿ, ನೋಟ್‌ಪುಸ್ತಕದಲ್ಲಿ ಬರೆಯಿರಿ. ಯಾರೂ ಹೇಳದಿದ್ದರೂ ಯಾವ ಕೆಲಸಕ್ಕೆ ಕೂರುತ್ತದೆ, ಯಾವ ವಿಷಯದ ಮನೆಗೆಲಸವನ್ನು ಕೊನೆಗೆ ತಳ್ಳುತ್ತದೆ, ಪುಸ್ತಕ ತೆರೆದ ಎಷ್ಟು ಹೊತ್ತಿಗೆ ಎದ್ದುಹೋಗುತ್ತದೆ, ಎದ್ದುಹೋಗುವ ಮುಂಚೆ ಏನಾಗಿತ್ತು ಎಂಬುದನ್ನು ನಿಮ್ಮ ಅಭಿಪ್ರಾಯ ಸೇರಿಸದೆ ಬರೆಯಿರಿ. ‘ಗಣಿತಕ್ಕೆ ಮನಸ್ಸು ಕೊಡಲಿಲ್ಲ’ ಎಂಬುದು ಅಭಿಪ್ರಾಯ. ‘ಮೊದಲ ನಾಲ್ಕು ಲೆಕ್ಕ ಬೇಗ ಮುಗಿಸಿ, ಐದನೆಯದರಲ್ಲಿ ಉತ್ತರ ತಪ್ಪಾದಾಗ ಪುಟ ಮಡಚಿ ಎದ್ದ’ ಎಂಬುದು ಕಂಡದ್ದು. ನಮಗೆ ಬೇಕಾದದ್ದು ಎರಡನೆಯದು.

ಅಮೆರಿಕದ ಡೆಲ್ ಸೀಗಲ್ ಮತ್ತು ಬೆಟ್ಸಿ ಮೆಕೋಚ್ ಎಂಬ ಸಂಶೋಧಕರು, ಸಾಮರ್ಥ್ಯವಿದ್ದೂ ಹಿಂದೆ ಬೀಳುವ ಮಕ್ಕಳನ್ನು ಅಧ್ಯಯನ ಮಾಡಿ, ಪ್ರೇರಣೆಗೆ ನಾಲ್ಕು ಆಧಾರಗಳನ್ನು ಗುರುತಿಸಿದ್ದಾರೆ. ಅವನ್ನು ಮಗುವಿನ ಬಾಯಿಯ ಪ್ರಶ್ನೆಗಳಾಗಿ ಹೀಗೆ ಕೇಳಿಕೊಳ್ಳಬಹುದು: “ಇದು ನನ್ನಿಂದ ಆಗುತ್ತದೆಯೇ?”, “ಇದನ್ನು ಕಲಿತರೆ ನನಗೇನು ಪ್ರಯೋಜನ?”, “ಇಲ್ಲಿ ನನ್ನ ಶ್ರಮಕ್ಕೆ ಬೆಲೆ ಇದೆಯೇ?”, “ಇದನ್ನು ಮಾಡುವ ಕ್ರಮ ನನಗೆ ಗೊತ್ತಿದೆಯೇ?” ಮೊದಲನೆಯದನ್ನು ಸ್ವಸಾಮರ್ಥ್ಯದ ನಂಬಿಕೆ ಎಂದೂ ಕೊನೆಯದನ್ನು ಸ್ವನಿಯಂತ್ರಣ, ಅಂದರೆ ಸಮಯ ಮತ್ತು ಗಮನವನ್ನು ತಾನೇ ನಿಭಾಯಿಸಿಕೊಳ್ಳುವ ಶಕ್ತಿ ಎಂದೂ ಕರೆಯುತ್ತಾರೆ. ನಾಲ್ಕರಲ್ಲಿ ಒಂದು ಉತ್ತರ ‘ಇಲ್ಲ’ ಎಂದಾದರೂ ಮಗು ಕೈಚೆಲ್ಲಬಹುದು. ಆದ್ದರಿಂದ ನಿಮ್ಮ ಟಿಪ್ಪಣಿಗಳನ್ನು ಓದುವಾಗ ಯಾವ ಪ್ರಶ್ನೆಯಲ್ಲಿ ತೊಡಕಿದೆ ಎಂದು ನೋಡಿ. ಎಲ್ಲ ಮಕ್ಕಳಿಗೂ ಒಂದೇ ಔಷಧ ಹೊಂದುವುದಿಲ್ಲ.

ಇದರ ಜೊತೆಗೆ ದೇಹಕ್ಕೆ ಸಂಬಂಧಿಸಿದ ಕಾರಣಗಳಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಿ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಗಿನ ಬಸ್ಸು ಹಿಡಿಯಲು ತೋಟದ ದಾರಿಯಲ್ಲಿ ನಡೆದು, ಸಂಜೆ ಟ್ಯೂಷನ್ ಮುಗಿಸಿ ಕತ್ತಲಾದ ಮೇಲೆ ಮನೆ ಸೇರುವ ಮಗುವಿಗೆ ಅಷ್ಟು ನಿದ್ದೆ ಸಿಗುತ್ತಿದೆಯೇ ಎಂದು ಲೆಕ್ಕ ಹಾಕಿ. ಎಷ್ಟೋ ಮನೆಗಳಲ್ಲಿ ನಿರುತ್ಸಾಹವೆಂದು ಕಾಣುವುದು ಬರೀ ದಣಿವಾಗಿರುತ್ತದೆ.

ಎಚ್ಚರಿಕೆ: ಮಾತಿನಲ್ಲಿ ಅದ್ಭುತವಾಗಿ ವಿವರಿಸುವ ಮಗು ಬರವಣಿಗೆಯಲ್ಲಿ ತೀರಾ ನಿಧಾನವಾಗಿದ್ದರೆ, ಅಕ್ಷರಗಳನ್ನು ಅದಲುಬದಲು ಮಾಡುತ್ತಿದ್ದರೆ, ಓದುವ ಮತ್ತು ಬರೆಯುವ ಕೌಶಲಕ್ಕೆ ಮಾತ್ರ ಸಂಬಂಧಿಸಿದ ಕಲಿಕಾ ನ್ಯೂನತೆ ಇರಬಹುದು. ಡಿಸ್ಲೆಕ್ಸಿಯಾ ಅಂಥದ್ದೊಂದು. ಪ್ರತಿಭೆ ಮತ್ತು ಕಲಿಕಾ ನ್ಯೂನತೆ ಒಂದೇ ಮಗುವಿನಲ್ಲಿ ಇರುವುದು ಸಾಧ್ಯ, ಮತ್ತು ಒಂದು ಇನ್ನೊಂದನ್ನು ಮರೆಮಾಚುವುದರಿಂದ ಎರಡೂ ಯಾರ ಕಣ್ಣಿಗೂ ಬೀಳದೆ ಹೋಗುತ್ತವೆ. ಇಂಥ ಅನುಮಾನವಿದ್ದರೆ ಮಕ್ಕಳ ತಜ್ಞರನ್ನು ಅಥವಾ ಮನಶ್ಶಾಸ್ತ್ರಜ್ಞರನ್ನು ಕಾಣಿ. ಹಾಗೆಯೇ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಅಥವಾ ಎರವ ಭಾಷೆ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ನಡುವೆ ಇಂಗ್ಲಿಷ್ ಮಾಧ್ಯಮಕ್ಕೆ ಹಾರಿದ ಮಗುವಿಗೆ ವಿಷಯ ಗೊತ್ತಿದ್ದೂ ಉತ್ತರ ಬರೆಯುವ ಮಾತು ಸಿಗದೆ ಇರಬಹುದು. ಅಂಥ ಮಗುವಿಗೆ ಭಾಷೆಯ ಆಸರೆ ಬೇಕು, ಪ್ರೇರಣೆಯ ಉಪದೇಶ ಬೇಡ.

ಹಂತ 2: ಹೊಗಳುವ ರೀತಿಯನ್ನು ಬದಲಿಸಿ

ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಸುಲಭದ ಒಗಟುಗಳನ್ನು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ “ನೀನು ಬುದ್ಧಿವಂತ” ಎಂದೂ ಕೆಲವರಿಗೆ “ಚೆನ್ನಾಗಿ ಶ್ರಮಪಟ್ಟೆ” ಎಂದೂ ಹೇಳಲಾಯಿತು. ಅನಂತರ ಕಷ್ಟದ ಒಗಟುಗಳನ್ನು ಕೊಟ್ಟು, ಕೊನೆಗೆ ಮತ್ತೆ ಮೊದಲಿನಷ್ಟೇ ಸುಲಭದವನ್ನು ಕೊಟ್ಟಾಗ, ಬುದ್ಧಿಗೆ ಹೊಗಳಿಸಿಕೊಂಡ ಮಕ್ಕಳು ತಮ್ಮ ಮೊದಲ ಸಾಧನೆಗಿಂತ ಕೆಳಗಿಳಿದರು, ಶ್ರಮಕ್ಕೆ ಹೊಗಳಿಸಿಕೊಂಡವರು ಮೇಲೇರಿದರು. ತಮ್ಮ ಅಂಕವನ್ನು ಬೇರೆಯವರಿಗೆ ತಿಳಿಸುವಾಗ ಹೆಚ್ಚಿಸಿ ಹೇಳಿದವರೂ ಮೊದಲ ಗುಂಪಿನಲ್ಲಿಯೇ ಹೆಚ್ಚು. ಈ ವಿಚಾರವನ್ನು ಆಧರಿಸಿ ಮುಂದೆ ನಡೆದ ದೊಡ್ಡ ತರಬೇತಿ ಕಾರ್ಯಕ್ರಮಗಳ ಪರಿಣಾಮ ಸರಾಸರಿಯಲ್ಲಿ ಸಣ್ಣದೆಂದೇ ಕಂಡುಬಂದಿದೆ, ಹಾಗಾಗಿ ಹೊಗಳಿಕೆಯೊಂದನ್ನು ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ‘ಜಾಣ’ ಎಂಬ ಬಿರುದನ್ನು ಕಾಪಾಡಿಕೊಳ್ಳಲು ಕಷ್ಟದ ಕೆಲಸದಿಂದ ನುಣುಚಿಕೊಳ್ಳುವ ಮಕ್ಕಳನ್ನು ಯಾವ ಶಿಕ್ಷಕರನ್ನು ಕೇಳಿದರೂ ತೋರಿಸುತ್ತಾರೆ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ವ್ಯಕ್ತಿಯನ್ನು ಬಿಟ್ಟು ಕೆಲಸದ ಬಗ್ಗೆ ಮಾತನಾಡಿ. “ನನ್ನ ಮಗಳು ಬಲು ಜಾಣೆ” ಎನ್ನುವ ಬದಲು “ಈ ಲೆಕ್ಕಕ್ಕೆ ಚಿತ್ರ ಬರೆದುಕೊಂಡೆಯಲ್ಲ, ಆ ಉಪಾಯ ಹೇಗೆ ಹೊಳೆಯಿತು?” ಎಂದು ಕೇಳಿ. ಶ್ರಮವಿಲ್ಲದೆ ನೂರಕ್ಕೆ ನೂರು ಬಂದಿದ್ದರೆ ಹೊಗಳಲು ಹೋಗದೆ “ಇದು ನಿನಗೆ ತೀರಾ ಸುಲಭವಾಯಿತು ಎನ್ನಿಸುತ್ತದೆ, ಇನ್ನೊಂದಿಷ್ಟು ಗಟ್ಟಿಯಾದದ್ದು ಹುಡುಕೋಣವೇ?” ಎನ್ನಿ. ಶ್ರಮಪಡದೆ ಇದ್ದಾಗಲೂ ‘ಎಷ್ಟು ಶ್ರಮಪಟ್ಟೆ’ ಎಂದರೆ ಚುರುಕಾದ ಮಗು ಆ ಸುಳ್ಳನ್ನು ತಕ್ಷಣ ಹಿಡಿಯುತ್ತದೆ, ಮುಂದೆ ನಿಮ್ಮ ನಿಜವಾದ ಹೊಗಳಿಕೆಗೂ ಬೆಲೆ ಕೊಡುವುದಿಲ್ಲ.

ಇನ್ನೊಂದು ತೊಡಕು ಮನೆಯ ಹೊರಗಿನದು. ಪುತ್ತರಿಗೆ ಐನ್‌ಮನೆಯಲ್ಲಿ ಒಕ್ಕದವರೆಲ್ಲ ಸೇರಿದಾಗ, ಮದುವೆ ಮನೆಯಲ್ಲಿ, ಸಂತೆಯಲ್ಲಿ ಎದುರಾದವರ ಮೊದಲ ಪ್ರಶ್ನೆ “ಎಷ್ಟು ಪರ್ಸೆಂಟ್?” ಎಂಬುದೇ ಆಗಿರುತ್ತದೆ. ಹಿರಿಯರ ಬಾಯಿ ಮುಚ್ಚಿಸಲು ಆಗುವುದಿಲ್ಲ, ಆದರೆ ಉತ್ತರವನ್ನು ನೀವೇ ಕೊಟ್ಟು ಮಾತು ತಿರುಗಿಸಬಹುದು: “ಚೆನ್ನಾಗಿಯೇ ಓದುತ್ತಿದ್ದಾಳೆ, ಈಗ ಕಪ್ಪೆಗಳ ಬಗ್ಗೆ ಏನೋ ಬರೆದಿದ್ದಾಳೆ, ಅದನ್ನು ಕೇಳಿ.” ದೊಡ್ಡಪ್ಪನ ಮಗನೊಡನೆ ಹೋಲಿಕೆಯನ್ನಂತೂ ನೀವಾಗಿ ಎತ್ತಬೇಡಿ.

ಹಂತ 3: ತಿಣುಕಾಡುವ ಅಭ್ಯಾಸ ಮಾಡಿಸಿ

ಈ ಲೇಖನದ ಮುಖ್ಯ ಭಾಗ ಇದು. ಬೇರೇನನ್ನೂ ಮಾಡಲು ಸಾಧ್ಯವಾಗದಿದ್ದರೂ ಇದೊಂದನ್ನು ಮಾಡಿ.

ಚುರುಕಾದ ಮಗುವಿಗೆ ಪ್ರಾಥಮಿಕ ಶಾಲೆಯಲ್ಲಿ ಒಮ್ಮೆ ಕೇಳಿದರೆ ಸಾಕು, ಪಾಠ ಬಂದುಬಿಡುತ್ತದೆ. ಐದಾರು ವರ್ಷ ಹಾಗೆಯೇ ಕಳೆದಾಗ ಮಗು ಅರಿವಿಲ್ಲದೆ ಒಂದು ತಪ್ಪು ಪಾಠವನ್ನೂ ಕಲಿತಿರುತ್ತದೆ: ಬುದ್ಧಿವಂತರಿಗೆ ಕಷ್ಟವಾಗುವುದಿಲ್ಲ, ಕಷ್ಟವಾಯಿತೆಂದರೆ ನಾನು ಬುದ್ಧಿವಂತನಲ್ಲ. ಎಂಟನೇ ತರಗತಿಯ ಬೀಜಗಣಿತವೋ ಪಿಯುಸಿಯ ಭೌತಶಾಸ್ತ್ರವೋ ಮೊದಲ ಬಾರಿಗೆ ಎದುರು ನಿಂತಾಗ, ಉಳಿದ ಮಕ್ಕಳಿಗೆ ವರ್ಷಗಳಿಂದ ರೂಢಿಯಾದ ತಿಣುಕಾಟ ಈ ಮಗುವಿಗೆ ಅವಮಾನದಂತೆ ಕಾಣುತ್ತದೆ. ಆಗ ‘ಓದಲಿಲ್ಲ, ಅದಕ್ಕೇ ಅಂಕ ಬರಲಿಲ್ಲ’ ಎಂದು ಹೇಳಿಕೊಳ್ಳುವುದು ‘ಓದಿದೆ, ಆದರೂ ಬರಲಿಲ್ಲ’ ಎಂದು ಒಪ್ಪಿಕೊಳ್ಳುವುದಕ್ಕಿಂತ ಸುಲಭ. ಪುಸ್ತಕ ಮುಟ್ಟದಿರುವುದರ ಹಿಂದೆ ಹಲವೊಮ್ಮೆ ಇರುವುದು ಈ ಲೆಕ್ಕಾಚಾರ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಕಾರಣದಿಂದ ತುರ್ತು ಇದೆ. ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ ನಮ್ಮ ಎಷ್ಟೋ ಮಕ್ಕಳು ಮೈಸೂರು, ಮಂಗಳೂರು, ಮೂಡುಬಿದಿರೆಯ ಹಾಸ್ಟೆಲುಗಳಿಗೆ ಹೋಗುತ್ತಾರೆ. ಮೊದಲ ಸೋಲು ಅಲ್ಲಿ, ಮನೆಯವರು ಹತ್ತಿರವಿಲ್ಲದಾಗ ಬರುವುದಕ್ಕಿಂತ, ಇಲ್ಲಿ ನಿಮ್ಮ ಕಣ್ಣೆದುರು ಸಣ್ಣ ಪ್ರಮಾಣದಲ್ಲಿ ಬರುವುದು ಒಳ್ಳೆಯದು. ಕಾಫಿ ನರ್ಸರಿಯಲ್ಲಿ ಗಿಡಗಳನ್ನು ತೋಟಕ್ಕೆ ಒಯ್ಯುವ ಮುಂಚೆ ಚಪ್ಪರದ ನೆರಳನ್ನು ಸ್ವಲ್ಪಸ್ವಲ್ಪವಾಗಿ ತೆಳುವಾಗಿಸಿ ಬಿಸಿಲಿಗೆ ಒಗ್ಗಿಸುತ್ತೀರಲ್ಲ, ಕೆಲಸ ಅದೇ.

ಹೇಗೆ ಮಾಡಬೇಕು ಎಂಬುದನ್ನು ಒಂದು ಉದಾಹರಣೆಯೊಂದಿಗೆ ನೋಡೋಣ. 1997ರಿಂದ ನಡೆದುಬಂದಿರುವ ಕೊಡವ ಕೌಟುಂಬಿಕ ಹಾಕಿ ಹಬ್ಬವನ್ನು ಮಗು ನೋಡಿಯೇ ಇರುತ್ತದೆ. ಈ ಪ್ರಶ್ನೆ ಕೇಳಿ: “ಸೋತ ತಂಡ ಹೊರಗೆ ಹೋಗುವ ನಾಕೌಟ್ ಪಂದ್ಯಾವಳಿಯಲ್ಲಿ 300 ತಂಡಗಳಿವೆ. ಚಾಂಪಿಯನ್ ಯಾರೆಂದು ಗೊತ್ತಾಗಲು ಒಟ್ಟು ಎಷ್ಟು ಪಂದ್ಯ ಆಡಬೇಕು?” ಮಗು 150, 75 ಎಂದು ಅರ್ಧ ಮಾಡುತ್ತಾ ಹೋಗಿ, 75 ತಂಡ ಉಳಿದಾಗ ಒಂದು ತಂಡಕ್ಕೆ ಎದುರಾಳಿಯಿಲ್ಲದೆ ತಡವರಿಸುತ್ತದೆ. ಇಲ್ಲಿ ನೀವು ಉತ್ತರ ಹೇಳಬಾರದು, ಬೇರೆ ದಾರಿ ತೋರಿಸಲೂ ಬಾರದು. ಹತ್ತು ನಿಮಿಷ ಬಿಟ್ಟು “ನಾಲ್ಕೇ ತಂಡ ಇದ್ದರೆ ಎಷ್ಟು? ಐದಿದ್ದರೆ?” ಎಂದಷ್ಟೇ ಕೇಳಿ. ಆಮೇಲೂ ಸಿಗದಿದ್ದರೆ “ಒಂದು ಪಂದ್ಯ ಮುಗಿದಾಗ ಎಷ್ಟು ತಂಡ ಮನೆಗೆ ಹೋಗುತ್ತವೆ?” ಎಂಬ ಒಂದು ಪ್ರಶ್ನೆ ಸಾಕು. ಪ್ರತಿ ಪಂದ್ಯಕ್ಕೆ ಒಂದು ತಂಡ ಹೊರಬೀಳುತ್ತದೆ, 299 ತಂಡಗಳು ಹೊರಬೀಳಬೇಕು, ಆದ್ದರಿಂದ 299 ಪಂದ್ಯ ಎಂಬುದು ಮಗುವಿಗೆ ತಾನಾಗಿ ಹೊಳೆದಾಗ ಅದರ ಮುಖ ನೋಡಿ. ಆ ಸಂತೋಷವನ್ನೇ ಆಂತರಿಕ ಪ್ರೇರಣೆ ಎನ್ನುವುದು, ಅಂದರೆ ಇನಾಮಿಗಾಗಿ ಅಲ್ಲದೆ ಕೆಲಸದ ರುಚಿಗಾಗಿಯೇ ಕೆಲಸ ಮಾಡುವುದು.

ಇಂಥ ಕೆಲಸ ಎಷ್ಟು ಕಷ್ಟವಿರಬೇಕು? ಮಗು ಒಂಟಿಯಾಗಿ ಮಾಡಲಾರದ, ಆದರೆ ಒಂದೆರಡು ಸುಳಿವು ಸಿಕ್ಕಿದರೆ ಮಾಡಬಲ್ಲ ಮಟ್ಟದ್ದಾಗಿರಬೇಕು. ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ ಇದನ್ನು ಸಮೀಪದ ಬೆಳವಣಿಗೆಯ ವಲಯ ಎಂದು ಕರೆದರು. ವಾರಕ್ಕೆ ಒಂದೋ ಎರಡೋ ಪ್ರಶ್ನೆ ಸಾಕು. ಗಣಿತದಲ್ಲಿ ಒಲವುಳ್ಳ ಪ್ರೌಢಶಾಲಾ ಮಕ್ಕಳಿಗೆ ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಾಲತಾಣದಲ್ಲಿ ಒಲಿಂಪಿಯಾಡ್‌ಗಳ ಹಳೆಯ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಪರೀಕ್ಷೆಗೆ ಕೂರಿಸುವ ಉದ್ದೇಶವಿಲ್ಲದಿದ್ದರೂ ಅವುಗಳಲ್ಲಿ ಒಂದು ಪ್ರಶ್ನೆ ವಾರವಿಡೀ ತಲೆಗೆ ಕೆಲಸ ಕೊಡುತ್ತದೆ.

ಗಣಿತ ಒಲಿಯದ ಮಗುವಿಗೆ ಮಳೆಯ ಲೆಕ್ಕವನ್ನು ವಹಿಸಿ. ಕೊಡಗಿನಲ್ಲಿ ಮಳೆಮಾಪಕ ಇಲ್ಲದ ತೋಟ ಅಪರೂಪ. ನಿಮ್ಮಲ್ಲಿ ಇಲ್ಲದಿದ್ದರೆ ಪಕ್ಕದ ತೋಟದಲ್ಲಿ ಇದ್ದೇ ಇರುತ್ತದೆ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು ಇಂಚು ಮತ್ತು ಸೆಂಟುಗಳಲ್ಲಿ (ಇಂಚಿನ ನೂರನೆಯ ಒಂದು ಭಾಗ) ಬರೆಯಲಿ, ಸರ್ಕಾರಿ ಅಂಕಿಅಂಶದೊಂದಿಗೆ ಹೋಲಿಸಲು ಒಂದು ಇಂಚಿಗೆ 25.4 ಮಿಲಿಮೀಟರಿನಂತೆ ಪರಿವರ್ತಿಸಲಿ. ತಿಂಗಳೊಳಗೆ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ: ಭಾಗಮಂಡಲದಲ್ಲಿ ಸುರಿಯುವ ಮಳೆ ಕುಶಾಲನಗರಕ್ಕೆ ಬರುವ ಹೊತ್ತಿಗೆ ಏಕೆ ಇಷ್ಟು ಕಡಿಮೆಯಾಗುತ್ತದೆ, ಹೂಮಳೆ ಬಿದ್ದ ಎಷ್ಟನೆಯ ದಿನಕ್ಕೆ ರೊಬಸ್ಟಾ ಅರಳಿತು, ಅರೇಬಿಕಾ ಎಷ್ಟನೆಯ ದಿನಕ್ಕೆ, ಅಜ್ಜನ ಕಾಲದ ಮಳೆಯ ಪುಸ್ತಕಕ್ಕೂ ಈ ವರ್ಷಕ್ಕೂ ವ್ಯತ್ಯಾಸವೇನು? ಇಂಥ ಪ್ರಶ್ನೆಗಳಿಗೆ ಪಠ್ಯಪುಸ್ತಕದ ಕೊನೆಯ ಪುಟದಲ್ಲಿ ಉತ್ತರವಿರುವುದಿಲ್ಲ, ಅದೇ ಅವುಗಳ ಬೆಲೆ.

ತಾನು ಮೊದಲಿಗನಲ್ಲದ ಒಂದು ಚಟುವಟಿಕೆಯಲ್ಲಿಯೂ ಮಗು ಇರಲಿ. ಹಾಕಿ, ಸಂಗೀತ, ಈಜು ಯಾವುದಾದರೂ ಸರಿ. ತಂಡದಲ್ಲಿ ಬದಲಿ ಆಟಗಾರನಾಗಿ ಬೆಂಚಿನ ಮೇಲೆ ಕುಳಿತು, ಮತ್ತೆ ಮರುದಿನ ಅಭ್ಯಾಸಕ್ಕೆ ಹೋಗುವುದನ್ನು ಕಲಿತ ಮಗುವಿಗೆ ಓದಿನ ಸೋಲು ಪ್ರಪಂಚದ ಕೊನೆಯಾಗಿ ಕಾಣುವುದಿಲ್ಲ.

ಎಚ್ಚರಿಕೆ: ಮಗು ಅತ್ತರೆ, ಹಾಳೆ ಹರಿದರೆ ಅಂದಿಗೆ ನಿಲ್ಲಿಸಿ, “ನಾಳೆ ನೋಡೋಣ” ಎನ್ನಿ, ಆದರೆ ನಾಳೆ ಖಂಡಿತ ನೋಡಿ. ಒಂದೂ ತಪ್ಪಿರಬಾರದೆಂದು ಬರೆದದ್ದನ್ನೇ ಅಳಿಸಿ ಬರೆಯುವ ಮಗುವಿಗೆ ಪರಿಪೂರ್ಣತೆಯ ಗೀಳು ಅಂಟಿರಬಹುದು. ಅಂಥ ಮಗುವಿಗೆ ಅಂಕವಿಲ್ಲದ, ಯಾರಿಗೂ ತೋರಿಸಬೇಕಾಗಿಲ್ಲದ ಕೆಲಸದಿಂದ ಆರಂಭಿಸಿ.

ಹಂತ 4: ಇನಾಮನ್ನು ಅಳೆದು ಕೊಡಿ

ತೊಂಬತ್ತೈದು ಬಂದರೆ ಮೊಬೈಲ್, ಡಿಸ್ಟಿಂಕ್ಷನ್ ಬಂದರೆ ಸ್ಕೂಟಿ ಎಂಬ ಒಪ್ಪಂದ ಬಹಳ ಮನೆಗಳಲ್ಲಿದೆ. ಇಂಥದ್ದನ್ನು ಬಾಹ್ಯ ಪ್ರೇರಣೆ ಎನ್ನುತ್ತಾರೆ. 1973ರಲ್ಲಿ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು, ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮುಂಚೆಯೇ ಹೇಳಿ, ಕೊಟ್ಟರು. ಒಂದೆರಡು ವಾರಗಳ ನಂತರ ನೋಡಿದಾಗ, ಈ ಮಕ್ಕಳು ಉಳಿದವರಿಗಿಂತ ಚಿತ್ರದತ್ತ ಕಡಿಮೆ ಸಮಯ ಕೊಡುತ್ತಿದ್ದರು. ಏನೂ ಹೇಳದೆ ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದ ಮಕ್ಕಳ ಆಸಕ್ತಿ ಹಾಗೆ ಕುಗ್ಗಿರಲಿಲ್ಲ.

ಆದ್ದರಿಂದ ಮಗುವಿಗೆ ಈಗಾಗಲೇ ಪ್ರಿಯವಾದ ವಿಷಯಕ್ಕೆ ಮುಂಗಡ ಇನಾಮಿನ ಮಾತಾಡಬೇಡಿ. ಬೇಸರದ, ಆದರೆ ಮಾಡಲೇಬೇಕಾದ ಕೆಲಸಗಳಿಗೆ, ಉದಾಹರಣೆಗೆ ಮಗ್ಗಿಯ ಬಾಯಿಪಾಠಕ್ಕೋ ಕೈಬರಹದ ಅಭ್ಯಾಸಕ್ಕೋ, ಸಣ್ಣ ಇನಾಮು ಇಟ್ಟರೆ ತಪ್ಪೇನಿಲ್ಲ. ಸಾಧನೆಯಾದ ಮೇಲೆ ಮನೆಯವರೆಲ್ಲ ಸೇರಿ ಹಬ್ಬದೂಟ ಮಾಡುವುದು ಬೇರೆಯದೇ ವಿಷಯ, ಅದು ವ್ಯಾಪಾರವಲ್ಲ.

ಹಂತ 5: ಆಯ್ಕೆಯನ್ನು ಮಗುವಿನ ಕೈಗೆ ಕೊಡಿ

ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ರೂಪಿಸಿದ ಸ್ವನಿರ್ಧಾರ ಸಿದ್ಧಾಂತದ ಪ್ರಕಾರ ಒಳಗಿನ ಪ್ರೇರಣೆ ಉಳಿಯಲು ಮೂರು ಬೇಕು: ತನ್ನ ಕೆಲಸದ ಮೇಲೆ ತನಗೊಂದಿಷ್ಟು ಹಿಡಿತ, ತನಗೆ ಬರುತ್ತದೆ ಎಂಬ ಅನುಭವ, ತನ್ನವರೊಂದಿಗೆ ನಂಟು. ನಮ್ಮ ಮನೆಗಳಲ್ಲಿ ಮೂರನೆಯದಕ್ಕೆ ಕೊರತೆಯಿಲ್ಲ, ಮೊದಲನೆಯದಕ್ಕೆ ಬಹಳ ಕೊರತೆ. ಓದಬೇಕೇ ಬೇಡವೇ ಎಂಬ ಆಯ್ಕೆಯನ್ನು ಕೊಡಲಾಗದು, ಆದರೆ ಯಾವ ವಿಷಯ ಮೊದಲು, ಬೆಳಿಗ್ಗೆಯೋ ಸಂಜೆಯೋ, ಜಗಲಿಯಲ್ಲೋ ಕೋಣೆಯಲ್ಲೋ, ಟ್ಯೂಷನ್ ಬೇಕೋ ತಾನೇ ಓದುವುದೋ ಎಂಬುದನ್ನು ಮಗುವೇ ನಿರ್ಧರಿಸಲಿ. ನಿರ್ಧಾರ ತಪ್ಪಾದರೆ ಮೂರು ವಾರಗಳ ನಂತರ ಒಟ್ಟಿಗೆ ಕುಳಿತು ಬದಲಿಸಿ. ಎರಡೇ ದಿನಕ್ಕೆ “ನಾನು ಹೇಳಲಿಲ್ಲವೇ?” ಎಂದು ಕೈಗೆ ಕಿತ್ತುಕೊಂಡರೆ ಮುಂದಿನ ಬಾರಿ ಆಯ್ಕೆಯೇ ಬೇಡ ಎನ್ನುತ್ತದೆ.

“ಇದನ್ನು ಯಾಕೆ ಕಲಿಯಬೇಕು?” ಎಂದು ಕೇಳುವ ಮಗುವಿಗೆ “ಮುಂದೆ ಒಳ್ಳೆಯ ಕೆಲಸ ಸಿಗುತ್ತದೆ” ಎಂಬ ಉತ್ತರ ರುಚಿಸುವುದಿಲ್ಲ. ಆ ವಿದ್ಯೆಯನ್ನು ದಿನವೂ ಬಳಸುವವರ ಹತ್ತಿರ ಕರೆದೊಯ್ಯಿರಿ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವೂ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇವೆ. ಮುಂಚಿತವಾಗಿ ಕೇಳಿ ಒಪ್ಪಿಗೆ ಪಡೆದು, ಮಗುವೇ ಬರೆದುಕೊಂಡ ನಾಲ್ಕು ಪ್ರಶ್ನೆಗಳೊಂದಿಗೆ ಹೋಗಿ. ಪ್ರಶ್ನೆಗಳನ್ನು ನೀವು ಕೇಳಬೇಡಿ, ಹಿಂದೆ ನಿಂತುಕೊಳ್ಳಿ. ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಜಿಲ್ಲೆಯಲ್ಲಿ ಸೇನೆಯ ಕನಸು ಸಹಜ, ವೈದ್ಯಕೀಯದ ಕನಸು ಎಲ್ಲೆಡೆಯೂ ಸಹಜ. ಆದರೆ ಆ ಕನಸು ಯಾರದು ಎಂಬುದನ್ನು ನೋಟ್‌ಪುಸ್ತಕದ ಮೊದಲ ಎರಡು ವಾರಗಳ ಟಿಪ್ಪಣಿ ನಿಮಗೆ ತಿಳಿಸುತ್ತದೆ.

ಹಂತ 6: ಶಾಲೆಯೊಂದಿಗೆ ಮಾತನಾಡಿ, ಪರೀಕ್ಷೆಗಳನ್ನು ಆರಿಸಿ

ಶಿಕ್ಷಕರ ಮುಂದೆ “ನಮ್ಮ ಮಗು ಎಲ್ಲರಿಗಿಂತ ಜಾಣ, ನಿಮ್ಮ ಪಾಠ ಅವನಿಗೆ ಸಾಲದು” ಎಂದು ಆರಂಭಿಸಿದರೆ ಮಾತು ಅಲ್ಲಿಗೇ ಮುಗಿಯಿತು. “ಮನೆಯಲ್ಲಿ ಹೀಗೆ ಕಂಡಿದೆ, ತರಗತಿಯಲ್ಲಿ ಹೇಗಿದ್ದಾನೆ?” ಎಂದು ಕೇಳಿ, ಉತ್ತರವನ್ನು ಪೂರ್ತಿ ಆಲಿಸಿ. ಅನಂತರ ಒಂದು ಸಣ್ಣ ವಿನಂತಿ ಮುಂದಿಡಿ: ಪಾಠ ಬಂದಿದೆಯೆಂದು ಕಠಿಣ ಪ್ರಶ್ನೆಗಳಲ್ಲಿ ತೋರಿಸಿಕೊಟ್ಟರೆ, ಅದೇ ಬಗೆಯ ಇಪ್ಪತ್ತು ಲೆಕ್ಕ ಮಾಡಿಸುವ ಬದಲು ಆ ಸಮಯದಲ್ಲಿ ಬೇರೊಂದು ಕೆಲಸ ಮಾಡಲು ಬಿಡಬಹುದೇ? ಇದನ್ನು ಪಾಠ ಸಂಕ್ಷೇಪಣೆ ಎನ್ನುತ್ತಾರೆ, ಇದಕ್ಕೆ ಹೆಚ್ಚುವರಿ ಶಿಕ್ಷಕರೂ ಹಣವೂ ಬೇಕಾಗುವುದಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ವಿಶೇಷ ಪ್ರತಿಭೆಯುಳ್ಳ ಮಕ್ಕಳಿಗೆ ಪೂರಕ ಅವಕಾಶ ಕೊಡಬೇಕೆಂದು ಹೇಳುತ್ತದೆ. ಮೊದಲೇ ಮುಗಿಸಿದ ಮಗುವಿಗೆ ಅದೇ ಕೆಲಸ ಇನ್ನಷ್ಟು ಕೊಡುವುದು, ಅಥವಾ ಸದಾ ಉಳಿದವರಿಗೆ ಹೇಳಿಕೊಡಲು ಕೂರಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಬೇಗ ಮುಗಿಸಿದರೆ ಶಿಕ್ಷೆ ಎಂದು ತಿಳಿದ ಮಗು ನಿಧಾನ ಮಾಡುವುದನ್ನು ಕಲಿಯುತ್ತದೆ.

ಪರೀಕ್ಷೆಗಳ ವಿಷಯದಲ್ಲಿ ಓದುಗರ ಗೊಂದಲ ಹೆಚ್ಚು, ಆದ್ದರಿಂದ ಮುಖ್ಯವಾದವನ್ನಷ್ಟೇ ಹೇಳುತ್ತೇನೆ. ಗಾಳಿಬೀಡಿನ ಜವಾಹರ್ ನವೋದಯ ವಿದ್ಯಾಲಯದ ಆರನೇ ತರಗತಿಗೆ ಐದನೇ ತರಗತಿಯಲ್ಲಿರುವಾಗ ಪ್ರವೇಶ ಪರೀಕ್ಷೆ ಬರೆಯಬೇಕು. ಕನಿಷ್ಠ 75 ಶೇಕಡಾ ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಕೂಡಿಗೆಯ ಸೈನಿಕ ಶಾಲೆಗೆ 6 ಮತ್ತು 9ನೇ ತರಗತಿಗಳಲ್ಲಿ ಪ್ರವೇಶವಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆಯಿದ್ದು, ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದಿದ್ದರೆ, ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಹೊಸ ಕಲ್ಪನೆಯೊಂದನ್ನು ಮಾದರಿಯಾಗಿಸಲು 10,000 ರೂಪಾಯಿ ಕೊಡುವ ಇನ್‌ಸ್ಪೈರ್ ಮಾನಕ್ ಯೋಜನೆಗೆ ಶಾಲೆಯೇ ಹೆಸರು ಕಳುಹಿಸಬೇಕು, ಹಾಗಾಗಿ ಮುಖ್ಯ ಶಿಕ್ಷಕರಿಗೆ ನೆನಪಿಸಿ. ದಿನಾಂಕ ಮತ್ತು ನಿಯಮಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿಯೇ ನೋಡಿಕೊಳ್ಳಿ.

ಎಚ್ಚರಿಕೆ: ಇರುವ ಎಲ್ಲ ಪರೀಕ್ಷೆಗಳಿಗೂ ಅರ್ಜಿ ಹಾಕಬೇಡಿ. ನವೋದಯದ ಆರನೇ ತರಗತಿಯ ಪರೀಕ್ಷೆಯನ್ನು ಎರಡನೆಯ ಬಾರಿ ಬರೆಯುವ ಅವಕಾಶವಿಲ್ಲ. ಹತ್ತು ವರ್ಷದ ಮಗುವಿಗೆ ಅದು ಬದುಕಿನ ತೀರ್ಪು ಎನ್ನುವಂತೆ ಮನೆಯಲ್ಲಿ ಮಾತಾಡಿದರೆ, ಸಿಗದಿದ್ದಾಗ ಆ ಮಗು ಓದನ್ನೇ ದೂರ ಮಾಡುತ್ತದೆ. ಫಲಿತಾಂಶ ಬರುವ ಮುಂಚೆಯೇ, ಸಿಗದಿದ್ದರೆ ಮುಂದೇನು ಎಂಬುದನ್ನು ಮಗುವಿನೊಡನೆ ಸಮಾಧಾನವಾಗಿ ಮಾತಾಡಿಟ್ಟುಕೊಳ್ಳಿ.

ಹಂತ 7: ಮಳೆಗಾಲಕ್ಕೂ ಕುಯ್ಲಿನ ಕಾಲಕ್ಕೂ ಹೊಂದುವ ದಿನಚರಿ

ಬಯಲುಸೀಮೆಯವರು ಬರೆದ ವೇಳಾಪಟ್ಟಿ ಇಲ್ಲಿ ನಡೆಯುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಭಾರಿ ಮಳೆಗೆ ದಿಢೀರನೆ ರಜೆ ಘೋಷಣೆಯಾಗುತ್ತದೆ, ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಇರುವುದಿಲ್ಲ. ಡಿಸೆಂಬರ್‌ನಿಂದ ಕಾಫಿ ಕುಯ್ಲು, ಅದರ ಹಿಂದೆಯೇ ಕರಿಮೆಣಸು ಬರುತ್ತದೆ. ಗಂಟೆಗಳ ಲೆಕ್ಕ ಬಿಟ್ಟು ವಾರಕ್ಕೆ ಇಷ್ಟು ಕೆಲಸ ಎಂದು ಮಗುವೇ ಭಾನುವಾರ ಪಟ್ಟಿ ಮಾಡಲಿ, ಶನಿವಾರ ತಾನೇ ಗುರುತು ಹಾಕಲಿ. ಮಳೆರಜೆಗೆಂದೇ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಿಂದ (ಗ್ರಂಥಾಲಯದಿಂದ) ಎರಡು ಪುಸ್ತಕ, ಮುದ್ರಿಸಿಟ್ಟ ಕೆಲವು ಕಠಿಣ ಪ್ರಶ್ನೆ ಮನೆಯಲ್ಲಿರಲಿ. ಕುಯ್ಲಿನ ಕಾಲದಲ್ಲಿ ಮಗುವಿನಿಂದ ಕೆಲಸ ತೆಗೆದುಕೊಳ್ಳುವುದಾದರೆ ತೂಕ ಬರೆಯುವುದು, ಹಣ್ಣಿಗೂ ಒಣಗಿದ ಚೆರಿಗೂ ತೂಕದ ಅನುಪಾತ ಕಂಡುಹಿಡಿಯುವುದು ಮುಂತಾದವನ್ನು ಕೊಡಿ, ಪರೀಕ್ಷೆಯ ತಿಂಗಳಲ್ಲಿ ಅದನ್ನೂ ಬಿಡಿಸಿ.

ಹಂತ 8: ಹಾಸ್ಟೆಲಿಗೆ ಕಳುಹಿಸುವ ಮುಂಚೆ ಮತ್ತು ಕಳುಹಿಸಿದ ಮೇಲೆ

ಊರಿನ ಶಾಲೆಯಲ್ಲಿ ಮೊದಲಿಗನಾಗಿದ್ದ ಮಗು, ಎಲ್ಲರೂ ಮೊದಲಿಗರೇ ಆಗಿರುವ ಕಾಲೇಜಿನಲ್ಲಿ ಮೂವತ್ತನೆಯ ಸ್ಥಾನಕ್ಕೆ ಬರಬಹುದು. ಸಾಮರ್ಥ್ಯ ಒಂದೇ ಆಗಿದ್ದರೂ, ಜಾಣರೇ ತುಂಬಿರುವ ಶಾಲೆಗೆ ಸೇರಿದ ವಿದ್ಯಾರ್ಥಿಗಳು ತಮ್ಮನ್ನು ತಾವು ಕಡಿಮೆಯೆಂದು ಅಳೆದುಕೊಳ್ಳುತ್ತಾರೆ ಎಂಬುದನ್ನು ಹರ್ಬರ್ಟ್ ಮಾರ್ಷ್ ಎಂಬ ಮನೋವಿಜ್ಞಾನಿ 1980ರ ದಶಕದಿಂದ ತೋರಿಸುತ್ತ ಬಂದಿದ್ದಾರೆ. ಇದನ್ನು ಮಗುವಿಗೆ ಹೋಗುವ ಮುಂಚೆಯೇ ಹೇಳಿ: ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಇಳಿಯುವುದು ಬಹುತೇಕ ಖಚಿತ, ಅದು ಸ್ಥಳ ಬದಲಾದದ್ದರ ಲಕ್ಷಣ.

ಫೋನಿನಲ್ಲಿ ಮೊದಲ ಪ್ರಶ್ನೆ ಅಂಕದ್ದಾಗಿರದಿರಲಿ. “ಈ ವಾರ ಯಾವುದು ಅರ್ಥವಾಗಲಿಲ್ಲ, ಯಾರನ್ನು ಕೇಳಿದೆ?” ಎಂಬುದು ಹೆಚ್ಚು ಉಪಯುಕ್ತ. ಕೇಳುವುದೇ ನಾಚಿಕೆ ಎನ್ನುವ ಮಗುವಿಗೆ ಊರಿನಲ್ಲಿರುವಾಗಲೇ ಶಿಕ್ಷಕರ ಬಳಿಗೆ ತಾನೇ ಹೋಗಿ ಸಂಶಯ ಕೇಳುವ ರೂಢಿ ಮಾಡಿಸಿರಬೇಕು.

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಕೆಟ್ಟಿದ್ದರೆ, ಊಟ ಬಿಟ್ಟಿದ್ದರೆ, ಇಷ್ಟದ ಆಟ ಮತ್ತು ಗೆಳೆಯರನ್ನೂ ದೂರ ಮಾಡಿದ್ದರೆ ಅದು ಓದಿನ ಪ್ರೇರಣೆಯ ಪ್ರಶ್ನೆಯಾಗಿ ಉಳಿದಿಲ್ಲ, ವೈದ್ಯರನ್ನು ಕಾಣಬೇಕಾದ ವಿಷಯ. ‘ಸತ್ತರೆ ಸಾಕು’ ಎಂಬ ಮಾತು ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ, ತಮಾಷೆ ಎಂದು ತಳ್ಳಬೇಡಿ, ಅಂದೇ ಹೊರಟು ಮಗುವಿನ ಬಳಿಗೆ ಹೋಗಿ, ನೀವು ತಲುಪುವವರೆಗೆ ವಾರ್ಡನ್ ಅಥವಾ ಸ್ನೇಹಿತರು ಜೊತೆಯಲ್ಲಿರುವಂತೆ ನೋಡಿಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು, ಪೋಷಕರೂ ಕರೆ ಮಾಡಿ ಸಲಹೆ ಕೇಳಬಹುದು. ಮಗುವಿನ ಫೋನಿನಲ್ಲಿ ಈ ಸಂಖ್ಯೆಯನ್ನು ಹಾಸ್ಟೆಲಿಗೆ ಬಿಡುವ ದಿನವೇ ಉಳಿಸಿಕೊಡಿ, ಫೋನ್ ಬಳಸಲು ಬಿಡದ ಹಾಸ್ಟೆಲಾದರೆ ಡೈರಿಯ ಮೊದಲ ಪುಟದಲ್ಲಿ ಬರೆದುಕೊಡಿ.